ಚಿತ್ರಗಳ ಮುಂದೆ ಪೀರಸಾಬರ ಗಾದಿ

ಬೆಳಗಿನ ಐದೂವರೆ. ಬಾಲಗಾಂವದ ಪೀರಸಾಬರು ಅಂಗಳದಲ್ಲಿ ಕರಿ ಶಾಲು ಹಾಸಿ, ಅದರ ಮೇಲೆ ಪುಟ್ಟ ಗಾದಿಯೊಂದನ್ನು ಎತ್ತಿ ಹಿಡಿದು ಕೋಲಿನಿಂದ ಬಡಿಯುತ್ತಿದ್ದಾರೆ. ಹತ್ತು ಏಟು ಹಾಕಿ ಬಗ್ಗಿ ನೋಡುತ್ತಾರೆ. ಶಾಲಿನ ಮೇಲೆ ಒಂದೆಳೆ ಹತ್ತಿಯೂ ಇಲ್ಲ.

“ನನ್ನ ಶಾಲೇ ಸಿಕ್ತೇನ್ರಿ ನಿಮಗ?” ಒಳಗಿನಿಂದ ಹೆಂಡತಿ ನಸ್ರೀನ ಕೇಳುತ್ತಾರೆ.

“ಮನ್ಯಾಗ ಕರೀದು ಅದೊಂದ ಉಳದೈತಿ. ನನ್ನ ಗಡ್ಡಾನೂ ಬೆಳ್ಳಗಾತು!”

ಐವತ್ತೆಂಟರ ಪೀರಸಾಬರದು ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬು. ಅಳತೆ ಕೊಡುವಾಗ ಜನ ನೋವನ್ನೂ ಹೇಳಿಕೊಳ್ಳುತ್ತಾರೆ. ಬಗ್ಗಿ ಬಗ್ಗಿ ಅವರ ಬೆನ್ನಿಗೂ ಬಹಳ ಹಳೆಯ ನೋವಿದೆ. 2001ರಲ್ಲಿ ಸಾಂಗಲಿಯ ಒಂದು ಚಿಕ್ಕ ಚಿತ್ರಸಂಗ್ರಹಾಲಯದ ಕಾವಲುಗಾರನಿಗೆ ಗಾದಿ ಕೊಡಲು ಹೋದವರು, ಹಾಗೇ ಒಂದು ಚಿತ್ರದ ಮುಂದೆ ಕುಳಿತುಬಿಟ್ಟರು. “ಒಂದು ತಾಸು ಬೆನ್ನು ನನ್ನ ಕರೀಲೇ ಇಲ್ರಿ” ಎನ್ನುತ್ತಾರೆ.

ಈಗ ಮೂರು ವರ್ಷದಿಂದ ತಿಂಗಳಿಗೊಂದು ರವಿವಾರ, ನೋವಿರುವ ಆರು ಗಿರಾಕಿಗಳೊಂದಿಗೆ ಎಸ್‌ಟಿ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಗಾದಿ. ಕಳೆ ತೆಗೆದು ತೆಗೆದು ಸೊಂಟ ಹಿಡಿದ ಸಿದ್ದವ್ವನದು ನಡುವೆ ತಗ್ಗು. ಮಂಡಿ ಮಡಚಲಾಗದ ಕುರಿಗಾರ ಶಂಕರೆಪ್ಪನದು ಮೊಳದೆತ್ತರ. ಇದರಿಂದ ನೋವು ಹೋಗುತ್ತದೆಂದು ಪೀರಸಾಬರು ಯಾರಿಗೂ ಹೇಳುವುದಿಲ್ಲ. ಆದರೆ ನಿಂತು ಐದು ನಿಮಿಷ ನೋಡಲಾಗದವರು ಕುಳಿತು ಎರಡು ತಾಸು ನೋಡುತ್ತಾರೆ.

ಆ ಗಾದಿಗಳಿಗೇ ಈಗ ಕುತ್ತು ಬಂದಿದೆ. ಹೋದ ತಿಂಗಳು ಸಂಗ್ರಹಾಲಯದೊಳಗೇ ಒಂದರ ಹೊಲಿಗೆ ಬಿಚ್ಚಿ ಹತ್ತಿ ಹಾರಿತು. ಹತ್ತಿಯ ಜೊತೆ ಹುಳು ಬಂದರೆ ಚಿತ್ರಗಳ ಗತಿಯೇನು? ಅಲ್ಲಿನ ಮೇಲ್ವಿಚಾರಕಿ ಶೈಲಾ ಅವರ ಆತಂಕ ಸರಿಯಾದದ್ದೇ. ಪೀರಸಾಬರು ಹತ್ತಿಯನ್ನು ಎಂಟು ದಿನ ಬಿಸಿಲಿಗೆ ಹಾಕಿ, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಮತ್ತೆ ಹೊಲಿದಿದ್ದಾರೆ. ಇಂದು ಶೈಲಾ ಒಪ್ಪದಿದ್ದರೆ ಈ ಪ್ರಯಾಣ ನಿಂತಂತೆಯೇ.

ಸಂಗ್ರಹಾಲಯದ ಬಾಗಿಲಲ್ಲಿ ಶೈಲಾ ಭೂತಗನ್ನಡಿ ಹಿಡಿದು ಒಂದೊಂದೇ ಹೊಲಿಗೆ ನೋಡುತ್ತಾರೆ. ಸಿದ್ದವ್ವನ ಗಾದಿಯನ್ನು ಗೋಡೆಗೆ ಜೋರಾಗಿ ಬಡಿಯುತ್ತಾರೆ. ಒಂದೆಳೆ ಹತ್ತಿಯೂ ಉದುರುವುದಿಲ್ಲ.

“ಮೆಲ್ಲಕರಿ ಬಾಯಾರ, ಅದರ ಸೊಂಟಾನೂ ಹಿಡದೀತು!” ಎನ್ನುತ್ತಾಳೆ ಸಿದ್ದವ್ವ.

ಶೈಲಾ ನಗು ತಡೆಯಲಾರದೆ ಬಾಗಿಲು ತೆರೆಯುತ್ತಾರೆ. “ಬರ್ರಿ, ಎಲ್ಲಾರೂ ಗಾದಿ ತಗೊಂಡ ಬರ್ರಿ.”

ಒಳಗೆ ಕೊಡ ಹೊತ್ತ ಹೆಂಗಸಿನ ಚಿತ್ರದ ಮುಂದೆ ಆರೂ ಗಿರಾಕಿಗಳು ಕೂರುತ್ತಾರೆ. ಸಿದ್ದವ್ವ ಕಣ್ಣು ಕಿರಿದು ಮಾಡುತ್ತಾಳೆ. “ಈಕಿ ಭಾರೆಲ್ಲಾ ಎಡಗಾಲ ಮ್ಯಾಲ ಹಾಕ್ಯಾಳ. ಬಲಗಡೆ ಸೊಂಟ ಭಾಳ ನೋಯ್ತೈತಿ.”

“ನಿನ್ನ ಬ್ಯಾನಿ ಆಕಿಗ್ಯಾಕ ಹಚ್ಚತಿ? ಆಕಿ ಯಾರದೋ ದಾರಿ ಕಾಯಾಕತ್ತಾಳ” ಎಂದು ಶಂಕರೆಪ್ಪ ತಕರಾರು ತೆಗೆಯುತ್ತಾನೆ.

“ನಿನಗ ಕುರಿ ತಿಳೀತಾವ ಅಣ್ಣಾ, ಹೆಂಗಸರು ತಿಳ್ಯಾಂಗಿಲ್ಲ!”

ಕಾವಲುಗಾರ ಸುಮ್ಮನಿರಲು ಕೈಸನ್ನೆ ಮಾಡುತ್ತಾನೆ. ಯಾರೂ ಸುಮ್ಮನಾಗುವುದಿಲ್ಲ. ಪೀರಸಾಬರು ಮಾತ್ರ ತುಸು ದೂರದಲ್ಲಿ ಕುಳಿತು ಮೂಲೆಯ ಮೆಟ್ಟಿಲುಗಳನ್ನು ಎಣಿಸುತ್ತಿದ್ದಾರೆ.

“ಮ್ಯಾಲಿನ ಮಜಲಿನ ಚಿತ್ರ ನಮ್ಮವರು ಯಾರೂ ನೋಡಿಲ್ರಿ” ಎನ್ನುತ್ತಾರೆ. “ಹದಿನಾಲ್ಕು ಮೆಟ್ಲ ಅದಾವು. ಮೆಟ್ಲಿಗೊಂದು ಗಾದಿ ಹಾಕಿದ್ರ ಕುಂತು ಕುಂತು ಏರಬಹುದು. ಬಾಯಾರು ನಕ್ಕೋತ ಇದ್ದಾಗ ಕೇಳಿ ಬಿಡ್ತೀನಿ.”