ನನಗಿಂತ ಒಂದು ದಿನ ಮೊದಲು ಬಂದವಳು

ದೆವ್ವ, ಶಕುನ, ಕನಸಿನ ಸೂಚನೆ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದರೆ ಸಾಲದು, ಅಂಥ ಮಾತು ಬಂದರೆ ಎದ್ದು ಹೋಗುವಷ್ಟು ಬೇಸರವಿತ್ತು. ವಿಜಾಪುರದ ನಮ್ಮ ಮನೆಯಲ್ಲಿ ದೊಡ್ಡವ್ವ ಊಟಕ್ಕೆ ಕುಳಿತಾಗಲೆಲ್ಲ ಯಾರಿಗೋ ಯಾರೋ ಕಾಣಿಸಿಕೊಂಡ ಕತೆ ತೆಗೆಯುತ್ತಿದ್ದಳು. "ನೀ ಕಣ್ಣಾರೆ ಕಂಡೀ ಏನು?" ಎಂದು ಕೇಳಿ ನಾನು ಅವಳ ಬಾಯಿ ಮುಚ್ಚಿಸುತ್ತಿದ್ದೆ. ಮುಂದೆ ಗಣಿತ ಓದಿದೆ, ಹೈದರಾಬಾದಿನ ಹಿಮಾಯತ್‌ನಗರದ ಒಂದು ಜೂನಿಯರ್ ಕಾಲೇಜಿನಲ್ಲಿ ಅದನ್ನೇ ಕಲಿಸಿದೆ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರ ಬಾಯಿಯನ್ನೂ ಹಾಗೆಯೇ ಮುಚ್ಚಿಸುತ್ತಿದ್ದೆ. ಓದುವವರು ನನ್ನನ್ನು ನಂಬದಿದ್ದರೆ ನನಗೆ ಸಿಟ್ಟಿಲ್ಲ.

ಹೈದರಾಬಾದಿನ ಪಶ್ಚಿಮಕ್ಕೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ನನ್ನ ಗಂಡ ಶ್ರೀಕಂಠ ಮೈಸೂರಿನವರು. ಅಂಥದೊಂದು ಕಟ್ಟಡದಲ್ಲಿ ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುತ್ತಿದ್ದರು. ಸಂಜೆ ಆರಕ್ಕೆ ಕ್ಯಾಬ್ ಬಂದು ಕರೆದೊಯ್ದರೆ ಬೆಳಗ್ಗೆ ಏಳಕ್ಕೆ ತಂದು ಇಳಿಸುತ್ತಿತ್ತು. ಏಳೂವರೆಗೆ ನನ್ನ ಮೊದಲ ಕ್ಲಾಸು. ಹೀಗಾಗಿ ನಾಲ್ಕು ವರ್ಷ ನಾವು ಗಂಡಹೆಂಡತಿ ಹೆಚ್ಚಾಗಿ ಭೇಟಿಯಾದದ್ದು ಬಾಡಿಗೆ ಮನೆಯ ಮೆಟ್ಟಿಲ ಮೇಲೆ, ಒಬ್ಬರು ಹತ್ತುವಾಗ, ಇನ್ನೊಬ್ಬರು ಇಳಿಯುವಾಗ. ಸಾಯಂಕಾಲ ನಾನು ಮನೆಗೆ ಬಂದರೆ ಅವರಿನ್ನೂ ಮಲಗಿರುತ್ತಿದ್ದರು. ಎಬ್ಬಿಸುವುದೇ ಒಂದು ಸಾಹಸ. ಅವ್ವ ಫೋನ್ ಮಾಡಿದಾಗ ನಾನು "ಎಷ್ಟು ಕರದ್ರೂ ಏಳವಲ್ರು ನೋಡವ್ವ" ಎನ್ನುತ್ತಿದ್ದೆ. ಅದು ಕಿವಿಗೆ ಬಿದ್ದರೆ ಅವರು ಹೊದಿಕೆಯೊಳಗಿಂದಲೇ "ಏಳವಲ್ರು ಅಲ್ಲ ಮೇಡಂ, ಏಳ್ತಾ ಇಲ್ಲ ಅನ್ನಬೇಕು" ಎಂದು ನನ್ನ ಕನ್ನಡ ತಿದ್ದುತ್ತಿದ್ದರು.

ಅವರು ಕೆಲಸ ಬದಲಾಯಿಸಿದಾಗ ಎರಡು ಕಂಪನಿಗಳ ನಡುವೆ ನಲವತ್ತು ದಿನ ಸಿಕ್ಕವು. ಆ ನಲವತ್ತು ದಿನ ನಿನ್ನ ಗಡಿಯಾರದಲ್ಲೇ ಇರುತ್ತೇನೆ, ಎಲ್ಲಿಗೆ ಹೋಗೋಣ ಹೇಳು ಎಂದರು. ನಾನು ಹಿಮದ ಬೆಟ್ಟ ನೋಡಬೇಕು ಎಂದೆ, ರೈಲಿನಲ್ಲಿ ಅಲ್ಲ, ದಾರಿಯುದ್ದಕ್ಕೂ ಬೇಕಾದಲ್ಲಿ ನಿಲ್ಲುತ್ತ. ಪ್ರಿನ್ಸಿಪಾಲರು ಮುಖ ಗಂಟಿಕ್ಕಿದರೂ ಸಂಬಳವಿಲ್ಲದ ರಜೆ ಕೊಟ್ಟರು. ಉಪ್ಪಲ್‌ನ ಒಬ್ಬ ಮೆಕ್ಯಾನಿಕ್ಕನಿಂದ ಹಳೆಯ ಬಿಳಿ ಕಾರೊಂದನ್ನು ಕೊಂಡೆವು. ಬೇಗಂ ಬಜಾರಿಗೆ ಹೋಗಿ ಸ್ಟೀಲ್ ಡಬ್ಬಿ, ಚಿಕ್ಕ ಸ್ಟೋವು, ಚಾಪೆ ತಂದೆವು. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದಳು. ದೀಪಾವಳಿ ಮುಗಿದ ಮರುವಾರ ಹೊರಟೆವು. ಕಾರು ಓಡಿಸುವುದು ಅವರೊಬ್ಬರೇ. ನನಗೆ ಬರುತ್ತಿರಲಿಲ್ಲ. ನಕಾಶೆ ಓದುವುದು, ದಾರಿ ಕೇಳುವುದು ನನ್ನ ಪಾಲು.

ಆ ಪ್ರವಾಸದ ಬಗ್ಗೆ ಕೇಳಿದರೆ ಇಂದಿಗೂ ನಾವಿಬ್ಬರೂ ಒಟ್ಟೊಟ್ಟಿಗೆ ಮಾತಾಡುತ್ತೇವೆ. ಅವರಿಗೆ ಅತಿ ಇಷ್ಟವಾದದ್ದು ಜಬಲ್‌ಪುರದ ಬಳಿ ನರ್ಮದೆ ಬಿಳಿ ಕಲ್ಲಿನ ಗೋಡೆಗಳ ನಡುವೆ ಹರಿಯುವ ಜಾಗ. ದೋಣಿಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡೇ ಇದ್ದವರಿಗೆ ಅದು ಹೇಗೆ ಇಷ್ಟವಾಯಿತೋ ನಾನು ಕಾಣೆ. ನನಗೆ ಇಷ್ಟವಾದದ್ದು ಬುಂದೇಲಖಂಡದಲ್ಲಿ ದಾರಿ ತಪ್ಪಿ, ಒಂದು ಸಾಸಿವೆ ಹೊಲದ ಬದುವಿನಲ್ಲಿ ಚಾಪೆ ಹಾಸಿ ರೊಟ್ಟಿ ತಿಂದದ್ದು. ಹೊಲದವರು ಕೂಗಾಡುತ್ತ ಬಂದವರು ನನ್ನ ದಖನಿ ಹಿಂದಿ ಕೇಳಿ ನಗತೊಡಗಿ, ಹೋಗುವಾಗ ಮೂಲಂಗಿ ಕಿತ್ತು ಕೊಟ್ಟರು. ಅಲ್ಮೋಡಾದ ಆಚೆ ಒಂದು ಹಳ್ಳಿಯಲ್ಲಿ ಹಿಮದ ಬೆಟ್ಟಗಳು ಮೊದಲ ಸಲ ಕಂಡವು. ಮದುವೆಯಾದಾಗಿನಿಂದ ಒಂದು ದಿನವೂ ಬೆಳಗಾಗುವುದನ್ನು ಎದ್ದು ನೋಡದವರು ಅಂದು ತಾವಾಗಿ ಎದ್ದು, ಬೆಟ್ಟ ಕೆಂಪಾಗಿ ಬೆಳ್ಳಗಾಗುವವರೆಗೆ ನೋಡಿ, ನೀನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ, ಅದಕ್ಕೇ ಎಬ್ಬಿಸಲಿಲ್ಲ ಎಂದರು. ಬೆಟ್ಟ ಇಳಿದು ಮುಗಿಯುವವರೆಗೂ ನಾನು ಅವರೊಡನೆ ಮಾತು ಬಿಟ್ಟಿದ್ದೆ. ನಾವು ಅಷ್ಟು ಜಗಳವಾಡಿದ ನಲವತ್ತು ದಿನ ಬೇರೆ ಇಲ್ಲ. ಅಷ್ಟು ಸುಖವಾಗಿದ್ದದ್ದೂ ಇಲ್ಲ.

ನಾನು ಹೇಳಬೇಕಾದದ್ದು ನಡೆದದ್ದು ಹಿಂದಿರುಗುವಾಗ. ಸಾಂಚಿಯ ಸ್ತೂಪಗಳನ್ನು ನೋಡಿ, ಹೋಶಂಗಾಬಾದಿನಲ್ಲಿ ಉಳಿದು, ಮರುದಿನ ಬೆಳಗ್ಗೆ ನಾಗಪುರದ ಕಡೆ ಹೊರಟಿದ್ದೆವು. ಸಾತ್ಪುಡಾ ಬೆಟ್ಟಗಳ ನಡುವೆ ಒಂದು ಒಳದಾರಿ ಇದೆ, ತೇಗದ ಕಾಡು, ನೋಡಲು ಚೆಂದ ಎಂದು ಲಾಡ್ಜಿನವರು ಹೇಳಿದ್ದರು. ಹೆದ್ದಾರಿ ಬಿಟ್ಟು ಆ ದಾರಿ ಹಿಡಿದೆವು. ನಮ್ಮವರು ಬೆಳಗಿನಿಂದ ಎಡ ಭುಜ ನೋಯುತ್ತಿದೆ, ಸ್ಟೀರಿಂಗ್ ಹಿಡಿದು ಹಿಡಿದು ಹೀಗಾಗಿದೆ ಎನ್ನುತ್ತಿದ್ದರು. ಹೊಟ್ಟೆಯೂ ಸರಿಯಿಲ್ಲವೆಂದು ತಿಂಡಿ ಬಿಟ್ಟಿದ್ದರು. ಹೆದ್ದಾರಿಯಿಂದ ಹದಿನಾಲ್ಕು ಕಿಲೋಮೀಟರ್ ಬಂದ ಮೇಲೆ ಘಾಟಿ ಶುರುವಾಗುವಲ್ಲಿ ಒಂದು ಚಹಾದಂಗಡಿ ಕಂಡಿತು. ಹುಲ್ಲಿನ ಚಪ್ಪರ, ಎರಡು ಹಗ್ಗದ ಮಂಚ, ಪಕ್ಕದಲ್ಲಿ ನಿಂತ ಜೀಪು. ಹನ್ನೊಂದು ಗಂಟೆಯ ಬಿಸಿಲು. ಇವರು ಕಾರು ನಿಲ್ಲಿಸಿ ಬಾನೆಟ್ ಎತ್ತಿ ನೀರು ನೋಡತೊಡಗಿದರು. ನಾನು ಅಂಗಡಿಯ ಕಡೆ ನಡೆದೆ.

ಒಲೆಯ ಮುಂದಿದ್ದ ಹೆಂಗಸಿಗೆ ಐವತ್ತು ವರ್ಷವಿರಬಹುದು. ಹೆಸರು ಫೂಲ್‌ವತಿಬಾಯಿ ಎಂದು ಆಮೇಲೆ ತಿಳಿಯಿತು. ನನ್ನನ್ನು ನೋಡಿದವಳೇ ಪಾತ್ರೆ ಕೆಳಗಿಟ್ಟು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಂದಿಯಲ್ಲಿ ಕೇಳಿದಳು:

"ಎದ್ದನಾ ಬೇಟಿ, ನಿನ್ನ ಗಂಡ?"

ನನಗೆ ಅರ್ಥವಾಗಲಿಲ್ಲ. ನನ್ನನ್ನು ಬೇರೆ ಯಾರೋ ಎಂದುಕೊಂಡಿದ್ದಾಳೆ ಎಂದು, ನಾವು ಈ ದಾರಿಗೆ ಬರುತ್ತಿರುವುದು ಇದೇ ಮೊದಲು ಎಂದೆ. ಅಷ್ಟರಲ್ಲಿ ಇವರು ಕೈ ಒರೆಸಿಕೊಳ್ಳುತ್ತ ಬಂದರು. ಅವರನ್ನು ನೋಡಿ, ನನ್ನನ್ನು ನೋಡಿ, ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಮಂಚದ ಅಂಚಿನಲ್ಲಿ ಕುಳಿತುಬಿಟ್ಟಳು.

ಅವಳು ಹೇಳಿದ್ದು ಇಷ್ಟು. ನಿನ್ನೆ ಇದೇ ಹೊತ್ತಿಗೆ ನಾನು ಘಾಟಿಯ ಕಡೆಯಿಂದ ಓಡುತ್ತ ಇಳಿದು ಬಂದೆನಂತೆ. ಒಂದೇ ಕಾಲಿನಲ್ಲಿ ಚಪ್ಪಲಿ. ಬಿಳಿ ಹೂವಿನ ಹಸಿರು ಚೂಡಿದಾರ. ಮೇಲೆ ಬಿಳಿ ಕಾರಿನಲ್ಲಿ ಗಂಡ ಬಿದ್ದಿದ್ದಾನೆ, ಯಾರಾದರೂ ಬನ್ನಿ ಎಂದು ಅತ್ತೆನಂತೆ. ಅವಳ ಮೈದುನ ಕಿಶನ್ ಜೀಪು ತೆಗೆದುಕೊಂಡು ಘಾಟಿ ಹತ್ತಿ ಆಚೆ ಇಳಿಯುವವರೆಗೂ ಹುಡುಕಿದ. ಕಾರು ಇರಲಿಲ್ಲ. ಅವನು ತಿರುಗಿ ಬರುವುದರೊಳಗೆ ನಾನೂ ಇರಲಿಲ್ಲ. ಇವತ್ತು ಕಿಶನ್ ಸಂತೆಗೆ ಜನರನ್ನು ಒಯ್ಯಬೇಕಿತ್ತು. ಇನ್ನೊಂದು ಸಲ ಹುಡುಕಿ ಬರುತ್ತೇನೆ ಎಂದು ಉಳಿದುಕೊಂಡಿದ್ದ. ಅವನೂ ಜೀಪಿನ ಹಿಂದಿನಿಂದ ಬಂದು ನನ್ನನ್ನು ನೋಡಿದ, ನಮ್ಮ ಬಿಳಿ ಕಾರನ್ನು ನೋಡಿದ.

ಇವರು ಗಲಿಬಿಲಿಗೊಳ್ಳಲಿಲ್ಲ. ಯಾರೋ ನಿಜವಾಗಿ ತೊಂದರೆಯಲ್ಲಿದ್ದಾರೆ, ಘಾಟಿ ಹತ್ತುವಾಗ ನಾವೂ ನೋಡೋಣ, ಮುಂದೆ ಠಾಣೆ ಸಿಕ್ಕಲ್ಲಿ ತಿಳಿಸೋಣ ಎಂದರು. ನನಗೂ ಅದೇ ಸರಿ ಎನ್ನಿಸಿತು. ಹಸಿರು ಚೂಡಿದಾರ ನನ್ನಲ್ಲಿ ಒಂದಿತ್ತು ನಿಜ, ಬಿಳಿ ಹೂವಿನದೇ. ಹಿಂದಿನ ದಿನ ಅದನ್ನೇ ತೊಟ್ಟಿದ್ದೆ. ಆದರೆ ಅದನ್ನು ತೊಟ್ಟು ನಾನಿದ್ದದ್ದು ಸಾಂಚಿಯಲ್ಲಿ. ಹಸಿರು ಬಟ್ಟೆ ದೇಶದಲ್ಲಿ ನನ್ನೊಬ್ಬಳ ಬಳಿ ಇದೆಯೇ?

ಏಕೆ ಕೇಳಿದೆನೋ ಗೊತ್ತಿಲ್ಲ, ನಿನ್ನೆ ಬಂದವಳು ಇನ್ನೇನು ಹೇಳಿದಳು ಎಂದು ಕೇಳಿದೆ. ನೀನು ಮೊದಲು ಹಿಂದಿಯಲ್ಲಿ ಹೇಳಿದೆ, ಆಮೇಲೆ ನಿನ್ನ ಮಾತಿನಲ್ಲೇ ಹೇಳತೊಡಗಿದೆ, ನನಗೆ ತಿಳಿಯಲಿಲ್ಲ, ಆದರೆ ಒಂದೇ ಮಾತನ್ನು ಎಷ್ಟು ಸಲ ಹೇಳಿದೆಯೆಂದರೆ ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು ಎಂದಳು. ಆಮೇಲೆ ಒಂದೊಂದೇ ಅಕ್ಷರ ನೆನಪಿಸಿಕೊಳ್ಳುವವಳ ಹಾಗೆ ಹೇಳಿದಳು:

"ಏಳವಲ್ರು. ಏಳವಲ್ರು."

ಇವರ ಕೈಯಲ್ಲಿದ್ದ ಚಹಾದ ಗ್ಲಾಸು ಅರ್ಧಕ್ಕೆ ನಿಂತಿತು. ಆ ಕಾಡಿನಲ್ಲಿ, ಕೃಷ್ಣೆ ಭೀಮೆಯರ ಹೆಸರೂ ಕೇಳಿರದ ಒಬ್ಬ ಹೆಂಗಸಿನ ಬಾಯಲ್ಲಿ ನನ್ನ ಅವ್ವನ ಮನೆಯ ಮಾತು. ಮೈಸೂರಿನಲ್ಲೂ ಆಡದ ಮಾತು.

ಘಾಟಿಯನ್ನು ದಾಟಲು ಎರಡು ಗಂಟೆ ಬೇಕು, ನಡುವೆ ಒಂದು ಮನೆಯೂ ಇಲ್ಲ ಎಂದ ಕಿಶನ್. ನಾನು ಮಂಚ ಬಿಟ್ಟು ಏಳಲಿಲ್ಲ. ಇವರು ಮೊದಲು ಸಮಾಧಾನ ಹೇಳಿದರು, ಆಮೇಲೆ ನಗಿಸಲು ನೋಡಿದರು.

"ಏನ್ ಮೇಡಂ, ಇದು ನಿಮ್ಮ ಗಣಿತಕ್ಕೆ ಕೂಡಿಬರುತ್ತಾ?"

"ಗಣಿತ ಸುಡ್ರಿ. ನೀವು ಆ ಘಾಟಿ ಹತ್ತಬ್ಯಾಡ್ರಿ. ಅಷ್ಟ ನಾ ಕೇಳಾಕತ್ತೀನಿ."

ನನ್ನ ಮುಖ ನೋಡಿ ಅವರು ಸೋತರು. ಹೆದ್ದಾರಿಗೇ ತಿರುಗೋಣ, ಅಲ್ಲಿನ ಊರಿನಲ್ಲಿ ಭುಜವನ್ನು ಯಾರಾದರೂ ಡಾಕ್ಟರಿಗೆ ತೋರಿಸುತ್ತೇನೆ, ಸರಿತಾನೆ ಎಂದರು. ಕಾರು ತಿರುಗಿಸಿ ಬಂದ ದಾರಿಯಲ್ಲೇ ಹೊರಟೆವು. ಒಂದು ಫರ್ಲಾಂಗು ಹೋಗಿರಬಹುದು. ಕಾರು ನಿಧಾನವಾಯಿತು, ರಸ್ತೆಯ ಪಕ್ಕಕ್ಕೆ ಸರಿಯಿತು, ನಿಂತಿತು. ಇವರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಮುಖವೆಲ್ಲ ಬೆವರು, ತುಟಿ ಬೂದಿಯ ಬಣ್ಣ. ಹಾಗೆಯೇ ಸ್ಟೀರಿಂಗಿನ ಮೇಲೆ ಒರಗಿಬಿಟ್ಟರು.

ಕರೆದೆ, ಅಲುಗಾಡಿಸಿದೆ, ಕೆನ್ನೆಗೆ ತಟ್ಟಿದೆ. ಆಮೇಲೆ ಬಾಗಿಲು ತೆಗೆದು ಅಂಗಡಿಯ ಕಡೆ ಓಡಿದೆ. ಓಡುವಾಗ ಏನು ಕೂಗುತ್ತಿದ್ದೆ ಎಂಬುದು ನನಗೆ ತಿಳಿದದ್ದು ಫೂಲ್‌ವತಿಬಾಯಿಯ ಕೈ ಹಿಡಿದ ಮೇಲೆ, ನನ್ನ ದನಿ ನನಗೇ ಕೇಳಿದಾಗ. ಏಳವಲ್ರು, ಏಳವಲ್ರು. ಕೆಳಗೆ ನೋಡಿದರೆ ಒಂದು ಕಾಲಿನ ಚಪ್ಪಲಿ ಎಲ್ಲೋ ಹೋಗಿತ್ತು. ಕಿಶನ್ ಆಗಲೇ ಜೀಪು ಶುರು ಮಾಡಿದ್ದ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಅರ್ಧ ಗಂಟೆಯೊಳಗೆ ಊರಿನ ಚಿಕ್ಕ ಆಸ್ಪತ್ರೆ ತಲುಪಿದೆವು. ಅಲ್ಲಿದ್ದ ವಯಸ್ಸಾದ ಡಾಕ್ಟರು ಹೃದಯಾಘಾತ ಎಂದರು. ಮೂವತ್ತಾರು ವರ್ಷದವರಿಗೆ ಹೃದಯಾಘಾತ ಆಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಇಂಜೆಕ್ಷನ್ ಕೊಟ್ಟು ಜೀವ ಉಳಿಸಿ, ಮೂರನೆಯ ದಿನ ಆಂಬುಲೆನ್ಸಿನಲ್ಲಿ ನಾಗಪುರಕ್ಕೆ ಕಳಿಸಿದರು. ಕಳಿಸುವಾಗ ಡಾಕ್ಟರು ಘಾಟಿಯ ಮೇಲೇನಾದರೂ ಆಗಿದ್ದರೆ ಎಂದು ಶುರು ಮಾಡಿದ ಮಾತನ್ನು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಇವರು ಉಳಿದುಕೊಂಡರು. ರಾತ್ರಿಯ ಕೆಲಸ ಬಿಟ್ಟರು, ಸಿಗರೇಟು ಬಿಟ್ಟರು. ನಾನು ಕಾರು ಓಡಿಸುವುದನ್ನು ಕಲಿತೆ. ಫಿಲ್ಮ್ ರೋಲನ್ನು ತೊಳೆಸಿದಾಗ ಸಾಂಚಿಯ ಫೋಟೋ ಬಂತು. ಬಿಳಿ ಹೂವಿನ ಹಸಿರು ಚೂಡಿದಾರದಲ್ಲಿ ನಾನು ಸ್ತೂಪದ ಮುಂದೆ ನಿಂತಿದ್ದೇನೆ, ತೆಗೆದದ್ದು ಹೆಚ್ಚುಕಡಿಮೆ ಅದೇ ಹನ್ನೊಂದು ಗಂಟೆಗೆ, ಎರಡೂ ಕಾಲಿನಲ್ಲಿ ಚಪ್ಪಲಿ ಇದೆ. ಅದನ್ನು ಇಟ್ಟುಕೊಂಡು ನಾನು ಎಷ್ಟೋ ದಿನ ಲೆಕ್ಕ ಹಾಕಿದೆ. ಫೂಲ್‌ವತಿಬಾಯಿ ಆ ಮಾತನ್ನು ನನ್ನ ಬಾಯಿಂದ ಕೇಳಿದ್ದು ಆಮೇಲೆ, ಹೇಳಿದ್ದು ಮೊದಲು. ಅವಳು ಹೇಳದಿದ್ದರೆ ನಾವು ಘಾಟಿ ಹತ್ತುತ್ತಿದ್ದೆವು. ನಾನು ಕಾರಿನಿಂದ ಓಡಿ ಬಂದದ್ದು ಊರಿನ ದಿಕ್ಕಿನಿಂದ, ಹಿಂದಿನ ದಿನದಾಕೆ ಬಂದದ್ದು ಬೆಟ್ಟದ ದಿಕ್ಕಿನಿಂದ. ಬಟ್ಟೆಯೂ ಬೇರೆ, ಅಂದು ನಾನು ತೊಟ್ಟಿದ್ದು ಹಳದಿ. ಎಲ್ಲವೂ ಕೂಡಿಬಂದಿದ್ದರೆ ಏನಾದರೊಂದು ಹೆಸರು ಕೊಡಬಹುದಿತ್ತು. ಅರ್ಧ ಕೂಡಿ ಬಂದು ಅರ್ಧ ಉಳಿಯುತ್ತದೆ.

ಎರಡು ವರ್ಷದ ಮೇಲೆ ಒಂದು ಇಳಕಲ್ ಸೀರೆ ತೆಗೆದುಕೊಂಡು ಅಲ್ಲಿಗೆ ಹೋದೆವು. ನಾನೇ ಕಾರು ಓಡಿಸಿದೆ. ಫೂಲ್‌ವತಿಬಾಯಿ ಇವರ ತಲೆ ಸವರಿ, ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಅಂದು ಕೇಳಲಾಗದ್ದನ್ನು ಆಗ ಕೇಳಿದೆ. ಕಿಶನ್ ಹುಡುಕಲು ಹೋದ ಮೇಲೆ, ಹಿಂದಿನ ದಿನ ಓಡಿ ಬಂದಿದ್ದ ಆಕೆ ಏನು ಮಾಡಿದಳು?

ಮಂಚದ ಮೇಲೆ ಕೂರಿಸಿ ಲೋಟದಲ್ಲಿ ನೀರು ಕೊಟ್ಟೆ ಎಂದಳು ಫೂಲ್‌ವತಿಬಾಯಿ. ಕುಡಿಯಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಟ್ಟದ ಕಡೆ ಚಾಚಿದಳು, ಅವನಿಗೆ ಬೇಕು ಎನ್ನುವ ಹಾಗೆ. ನೀರು ತುಳುಕದಂತೆ ನಿಧಾನವಾಗಿ ನಡೆಯುತ್ತ ಹೋದಳು. ದಾರಿಯಲ್ಲಿ ಜೀಪು ಸಿಗುತ್ತದಲ್ಲ ಎಂದು ನಾನು ತಡೆಯಲಿಲ್ಲ ಬೇಟಿ.

ಇವರು ಕೇಳಿಸಿಕೊಂಡು ಚಹಾ ಮುಗಿಸಿದರು. ಆಮೇಲೆ ಘಾಟಿ ಹತ್ತೋಣ ಎಂದರು. ನಾನು ನಿಧಾನವಾಗಿ ಓಡಿಸಿದೆ. ನಾಲ್ಕೋ ಐದೋ ತಿರುವು ದಾಟಿದ ಮೇಲೆ, ಎಡಕ್ಕೆ ತೇಗದ ಮರಗಳು, ಬಲಕ್ಕೆ ಕಣಿವೆ ಇದ್ದ ಒಂದು ಕಡೆ ನಿಲ್ಲಿಸು ಎಂದರು. ನಮ್ಮ ಕುಡಿಯುವ ನೀರಿನ ತುಂಬಿದ ಬಾಟಲಿಯನ್ನು ತೆಗೆದುಕೊಂಡು ಇಳಿದು, ರಸ್ತೆಯಂಚಿನ ಕಲ್ಲಿನ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ, ಉರುಳುವುದಿಲ್ಲವೆಂದು ಒಮ್ಮೆ ಮುಟ್ಟಿ ನೋಡಿ, ಬಂದು ಕುಳಿತರು. ಅದೇ ಜಾಗ ಏಕೆ ಎಂದು ನಾನು ಕೇಳಲಿಲ್ಲ. ನಾನು ಗೇರ್ ಹಾಕಿದೆ.