ಮಹಾಂತೇಶನ ಕಲ್ಲಿನ ಟ್ರಿಪ್ಪು

ಬೋಗಾದಿಯಲ್ಲಿ ನನ್ನದು ಪೂಜಾ ಸಾಮಾನಿನ ಅಂಗಡಿ. ಎದುರಿಗೆ ಮಹಾಂತೇಶನ ಟೆಂಪೊ ಟ್ರಾವೆಲರ್ ನಿಲ್ಲುತ್ತದೆ. ಅವನು ಧರ್ಮಸ್ಥಳಕ್ಕೋ ಮಾದೇಶ್ವರನ ಬೆಟ್ಟಕ್ಕೋ ಜನ ತುಂಬಿಕೊಂಡು ಹೊರಟರೆ ಕಾಯಿ, ಕರ್ಪೂರ ನನ್ನಲ್ಲೇ. ದೇವರು ಇಬ್ಬರನ್ನೂ ಚೆನ್ನಾಗಿ ನೋಡಿಕೊಂಡಿದ್ದ.

ಕೆಡಿಸಿದ್ದು ಒಂದು ಕಾಲೇಜು ಟ್ರಿಪ್ಪು. ಭೂವಿಜ್ಞಾನದ ಹುಡುಗರಿಗೆ ಬಂಡೆ ತೋರಿಸಲು ಹೋದವನು ತಾನೇ ಮರುಳಾಗಿ ಬಂದ. ಮಲ್ಪೆ ಎದುರಿನ ದ್ವೀಪದಲ್ಲಿ ಕಲ್ಲು ಪೆನ್ಸಿಲ್ ಜೋಡಿಸಿದ ಹಾಗೆ ನಿಂತಿದೆಯಂತೆ. ಮಹಾರಾಷ್ಟ್ರದ ಲೋಣಾರಿನಲ್ಲಿ ಆಕಾಶದಿಂದ ಬಿದ್ದ ಕಲ್ಲು ಕೆರೆಯನ್ನೇ ತೋಡಿದೆಯಂತೆ.

"ಇನ್ಮೇಲೆ ದೇವಸ್ಥಾನ ಇಲ್ಲ ಕಣಣ್ಣ, ಬರೀ ಕಲ್ಲು."

"ದೇವಸ್ಥಾನದಲ್ಲೂ ಇರೋದು ಕಲ್ಲೇ ಕಣೋ. ಅಲ್ಲಿ ಪ್ರಸಾದನಾದ್ರೂ ಸಿಗುತ್ತೆ."

ಯಾರೂ ಬರಲಿಲ್ಲ. ಕೊನೆಗೆ ಒಪ್ಪಿದ್ದು ನಮ್ಮ ಬೀದಿಯ ಭಜನೆ ಗುಂಪಿನ ಹಿರಿಯಕ್ಕ ಪಾರ್ವತಮ್ಮ. "ಈ ಒಂದ್ ಟ್ರಿಪ್ಪು ಸರಿಹೋದ್ರೆ ಮಲ್ಪೆಗೂ ಬರ್ತೀವಿ. ಇಲ್ದಿದ್ರೆ ಬಾಯ್ ಮುಚ್ಕೊಂಡು ಧರ್ಮಸ್ಥಳಕ್ಕೆ ಓಡ್ಸು" ಎಂದರು. ಖಾಲಿ ಸೀಟಿಗೆ ನಾನೂ ಹತ್ತಿದೆ. ಹೊರಡುವ ಮುನ್ನ ಎಲ್ಲರೂ ನನ್ನಲ್ಲಿ ಕಾಯಿ ಕೊಂಡಿದ್ದರು. ಬೇಡ ಅನ್ನಲು ನಾನು ಯಾರು?

ಹೋದದ್ದು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ. ದಿಂಬು ಪೇರಿಸಿಟ್ಟಂತೆ ಉರುಟು ಕಲ್ಲುಗಳು. ಗುಂಪಿನ ಬೋರಮ್ಮ ಚಪ್ಪಲಿ ಬಿಟ್ಟು ಕಾಯಿ ಎತ್ತಿಯೇಬಿಟ್ಟರು. ಮಹಾಂತೇಶ ಅಡ್ಡ ನಿಂತ.

"ಅವ್ವಾ, ಒಡೀಬೇಡಿ! ಸರ್ಕಾರ ಕಾಪಾಡ್ತಿರೋ ಕಲ್ಲು."

"ತಂದ ಕಾಯ್ನ ಒಡೀದೆ ಮನೆಗೆ ಒಯ್ಯಕ್ಕಾಯ್ತದಾ? ಅಪಶಕುನ ಕಣಪ್ಪ!"

ಗುಂಪು ಗುಸುಗುಟ್ಟಿತು. ಮಲ್ಪೆ ಟ್ರಿಪ್ಪು ಕಣ್ಣೆದುರೇ ಮುಳುಗುತ್ತಿತ್ತು. ಮಹಾಂತೇಶ ಬೆವರೊರೆಸಿಕೊಂಡು ವಿವರಿಸಿದ: ಇನ್ನೂರೈವತ್ತು ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಿಂದ ಉಕ್ಕಿದ ಬೆಂಕಿಯಂಥ ಕಲ್ಲಿನ ರಸ, ನೀರು ತಾಗಿದ್ದೇ ತಡ, ಹೀಗೆ ಉಂಡೆಗಟ್ಟಿತು.

ಪಾರ್ವತಮ್ಮ ಕಲ್ಲು ಸವರಿದರು. "ಬೆಂಕಿಲಿ ಹುಟ್ಟಿ, ನೀರಲ್ಲಿ ಮಿಂದದ್ದು ಅನ್ನು."

"ಹೂಂ ಕಣವ್ವ."

"ಆರತಿನೂ ಆಯ್ತು, ಅಭಿಷೇಕನೂ ಆಯ್ತು. ಸಮುದ್ರನೇ ಮಾಡಿದ್ಮೇಲೆ ನಿಂದೇನು ಬೋರಮ್ಮ? ಒಳಗಿಡು."

"ಕಾಯಿ?"

"ಮನೆಗೆ ತಾನೇ ಒಯ್ಬಾರ್ದು? ದಾರೀಲಿ ತಿಂದ್ಬುಡಾಣ."

ರಸ್ತೆ ಪಕ್ಕದ ಹುಣಸೆ ಮರದಡಿ, ಹೆಸರಿಲ್ಲದ ಒಂದು ಕಲ್ಲಿಗೆ ಕಾಯಿ ಒಡೆದು, ಪಾರ್ವತಮ್ಮ ತಂದಿದ್ದ ಬೆಲ್ಲದ ಜೊತೆ ತಿಂದೆವು. ಮಹಾಂತೇಶ ನನ್ನ ಕಿವಿಯಲ್ಲಿ, "ಅಣ್ಣ, ಈ ಕಲ್ಲಿಗೂ ಅಷ್ಟೇ ವಯಸ್ಸಿರಬೌದು" ಎಂದ.

"ಸುಮ್ನೆ ತಿನ್ನೋ."

ಊರಿಗೆ ಬಂದು ಇಳಿಯುವಾಗ ಪಾರ್ವತಮ್ಮ ಹೇಳಿದರು: "ಮಲ್ಪೆಗೆ ಎಲ್ಲಾರೂ ಬರ್ತೀವಿ ಕಣಪ್ಪ. ಕಾಯಿ ಬೇಡ, ಬೆಲ್ಲ ಜಾಸ್ತಿ ತರ್ತೀವಿ."

ಮಹಾಂತೇಶ ಸ್ಟಿಯರಿಂಗಿಗೇ ಕೈಮುಗಿದ. ನನ್ನ ಅಂಗಡಿಯಲ್ಲಿ ಬೆಲ್ಲ ಇರಲಿಲ್ಲ. ಈಗ ಇಟ್ಟಿದ್ದೇನೆ.