ಕಣ್ಣಿನ ಪಕ್ಕ ಹಿಡಿದ ಬಿಳಿ ನೂಲು

ನೂಲಿಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಹಳದಿ ಕೊಪ್ಪರಿಗೆ ಅವನದು. ಹಾಗಾಗಿ ಎಲ್ಲರಿಗೂ ಅವನು ಹಳದಿಯಣ್ಣ. ಮದುವೆಯ ದಿನವೂ ಉಜ್ಜಿ ಉಜ್ಜಿ ಸೋತು, ಹಳದಿ ಕೈಯಲ್ಲೇ ಹೆಂಡತಿಯ ಕೈ ಹಿಡಿದವನು. ಅಂಥವನ ಮುಖ ಹಳದಿಗೆ ತಿರುಗಿದರೆ ಯಾರು ತಾನೇ ಬೆಚ್ಚಿಬಿದ್ದಾರು? ಮೈಯೆಲ್ಲ ನವೆ ಅಂದ. ಬಣ್ಣದ ಪುಡಿ ಅಂದರು. ಊಟ ಸೇರದು ಅಂದ. ಕೊಪ್ಪರಿಗೆಯ ಹಬೆ ಕುಡಿದೇ ಹೊಟ್ಟೆ ತುಂಬಿದೆ ಅಂತ ನಕ್ಕರು. ಅವನೂ ನಕ್ಕ. ಮೂತ್ರ ಕಡು ಚಹಾದಂತಾಗಿ, ಮಲ ಸುಣ್ಣದಂತೆ ಬಿಳಿಚಿದ್ದನ್ನು ಮಾತ್ರ ಹೆಂಡತಿಗೂ ಹೇಳಲಿಲ್ಲ. ಅದನ್ನೆಲ್ಲ ಹೇಳಿಕೊಂಡು ತಿರುಗುವುದುಂಟೇ?

ಅವನ ಅಣ್ಣನ ಹೆಂಡತಿ ಅಲ್ಲೇ ಬಣ್ಣ ತಾಳೆ ನೋಡುವವಳು. ಕಿಟಕಿಯ ಬೆಳಕಲ್ಲಿ ಮೊದಲು ಬಿಳಿ ನೂಲು ಹಿಡಿದು, ಪಕ್ಕದಲ್ಲಿ ಮಾದರಿಯ ಎಳೆ, ಹೊಸ ಬಣ್ಣದೆಳೆ ಎರಡನ್ನೂ ಇಟ್ಟು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ವಾಪಸು ಕಳಿಸುವಳು. ಅತ್ತಿಗೆ ಮೈದುನರದು ಎಣ್ಣೆ ಸೀಗೆಕಾಯಿ ಸಂಬಂಧ.

ಒಂದು ಬೆಳಿಗ್ಗೆ ಅವಳು ತಿರಸ್ಕರಿಸಿದ ನೂಲಿನ ಲಡಿ ಹೊತ್ತುಕೊಂಡು ಬಂದು ಅವನು ಜಗಳಕ್ಕೆ ನಿಂತ. ಅವಳು ಲಡಿಯ ಕಡೆ ನೋಡಲೇ ಇಲ್ಲ. ಎದ್ದು ಬಂದು ಬಿಳಿ ನೂಲನ್ನು ಅವನ ಕಣ್ಣಿನ ಪಕ್ಕ ಹಿಡಿದಳು.

“ಏನತ್ತಿಗೆ, ನಾನೇನು ನೂಲಾ?”

“ಸುಮ್ನೆ ನಿಂತ್ಕೊ. ಕೈಗೆ ಬಣ್ಣ ಹತ್ತುತ್ತೆ, ಮುಖಕ್ಕೂ ಹತ್ತುತ್ತೆ. ಕಣ್ಣಿನ ಬಿಳುಪಿಗೆ ಯಾವ ಕೊಪ್ಪರಿಗೆಯಿಂದ ಹತ್ತಿತು, ಹೇಳು ನೋಡೋಣ?”

ಅವನು ಲಡಿ ಕೆಳಗಿಟ್ಟ. ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಪಿತ್ತ ಕರುಳಿಗಿಳಿಯುವ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ದಾರಿ ಕಾಣದ ಪಿತ್ತ ರಕ್ತಕ್ಕೆ ಸೇರುತ್ತಿದೆ ಎಂದರು ಡಾಕ್ಟರು. ಚಳಿಜ್ವರ ಆಗಲೇ ಶುರುವಾಗಿತ್ತು. ನಾಳದಲ್ಲಿ ಕೀವಾಗಿ, ನಂಜು ಮೈಗೇರಿದ್ದರೆ ಉಳಿಯುವುದು ಕಷ್ಟವಿತ್ತಂತೆ. ಬಾಯಿಂದ ಕೊಳವೆ ಇಳಿಸಿ, ಸಣ್ಣ ಕರುಳಿನ ಮೇಲ್ತುದಿಯಲ್ಲಿ ನಾಳದ ಬಾಯಿ ಬಿಡಿಸಿ ಕಲ್ಲು ತೆಗೆದರು. ದಿನ ಕಳೆದಂತೆ ಕಣ್ಣು ತಿಳಿಯಾಯಿತು, ಹಸಿವು ಮರಳಿತು. ತಟ್ಟೆಯ ಮುಂದೆ ಕೂತಾಗೆಲ್ಲ ಅವನಿಗೆ ಆ ಬಿಳಿ ನೂಲು ನೆನಪಾಗುತ್ತಿತ್ತು.

ಕೆಲಸಕ್ಕೆ ಮರಳಿದವನಿಗೆ ಅತ್ತಿಗೆಯ ಮುಂದೆ ಜೀವ ಉಳಿಸಿದ್ದಕ್ಕೆ ಒಂದು ಒಳ್ಳೆಯ ಮಾತು ಆಡಲು ನಾಲಿಗೆ ಏಳಲಿಲ್ಲ. ಅವಳು ವಾಪಸು ಕಳಿಸಿದ ಲಡಿಗಳನ್ನೆಲ್ಲ ತುಟಿಪಿಟಕ್ಕೆನ್ನದೆ ತಂದು ಮತ್ತೆ ಅದ್ದಿದ. ಕೊನೆಗೆ ಅವಳೇ ಬಿಳಿ ನೂಲು ಹಿಡಿದು ಕೊಪ್ಪರಿಗೆಯ ಹತ್ತಿರ ಬಂದಳು.

“ಏನೋ, ಜಗಳಾನೇ ಆಡ್ತಿಲ್ಲ? ಮತ್ತೆ ಹುಷಾರಿಲ್ವಾ?”

ಅವಳ ದನಿಯಲ್ಲಿ ಭಯವಿತ್ತು. ಅವನು ಕಣ್ಣು ಅಗಲಿಸಿ ನೂಲಿನ ಪಕ್ಕ ತೋರಿಸಿದ. ಆಮೇಲೆ, ತಪ್ಪು ತನ್ನದೇ ಎಂದು ಗೊತ್ತಿದ್ದೂ, ಅವತ್ತು ಬೆಳಿಗ್ಗೆ ಅವಳು ವಾಪಸು ಕಳಿಸಿದ್ದ ಲಡಿಯನ್ನು ಅವಳ ಮುಂದೆ ಎತ್ತಿ ಹಿಡಿದು ಜಗಳ ತೆಗೆದ.